ಬೆಳಿಗ್ಗೆ ದವಾಖಾನೆ, ಸಂಜೆಗೆ ಮನೆ

ಗಡಿನಾಡಿನ ನಮ್ಮ ಮನೆಗಳಲ್ಲಿ ಅರವತ್ತು ದಾಟಿದ ಹಿರಿಯರಿದ್ದರೆ ಇಂದಲ್ಲ ನಾಳೆ ಒಂದು ಮಾತು ಕೇಳಿಬರುವುದು ಖಂಡಿತ: “ಕಣ್ಣಾಗ ಮೋತಿಬಿಂದು ಬಂದದ.” ಮೊದಲು ದೀಪದ ಸುತ್ತ ಬಳೆಯಂತೆ ಬೆಳಕು ಹರಡುತ್ತದೆ. ಆಮೇಲೆ ಅಕ್ಕಿಯಲ್ಲಿಯ ಕಲ್ಲು ಕಾಣದಾಗುತ್ತದೆ, ಸೂಜಿಯ ಕಣ್ಣು ಮಾಯವಾಗುತ್ತದೆ. ಕೊನೆಗೆ ಅಂಗಳಕ್ಕೆ ಬಂದ ಬೀಗರನ್ನು ಮುಖದಿಂದಲ್ಲ, ದನಿಯಿಂದ ಗುರುತಿಸುವ ಹೊತ್ತು ಬರುತ್ತದೆ. ಗ್ರಂಥಸ್ಥ ಕನ್ನಡದಲ್ಲಿ ಇದಕ್ಕೆ ಕಣ್ಣಿನ ಪೊರೆ ಎಂದು ಹೆಸರು. ಕಣ್ಣಿನೊಳಗಿನ ತಿಳಿಯಾದ ಮಸೂರವು ವಯಸ್ಸಾದಂತೆ ಮಬ್ಬಾಗಿ, ಒಳಗೆ ಹೋಗುವ ಬೆಳಕನ್ನು ತಡೆಯುವುದೇ ಈ ಪೊರೆ. ಯಾವ ಔಷಧದಿಂದಲೂ ಇದು ಕರಗುವುದಿಲ್ಲ. ಶಸ್ತ್ರಚಿಕಿತ್ಸೆಯೊಂದೇ ಇದಕ್ಕೆ ಉಪಾಯ.

ಆ ಶಸ್ತ್ರಚಿಕಿತ್ಸೆ ಇಂದು ಎಷ್ಟು ಹಗುರವಾಗಿದೆಯೆಂದರೆ, ಬೆಳಗಿನ ಬಸ್ಸಿಗೆ ಉದಗೀರಕ್ಕೋ ಲಾತೂರಿಗೋ ಹೊರಟವರು ಅನೇಕ ವೇಳೆ ಅದೇ ದಿನ ಸಂಜೆಗೆ ತಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕುಳಿತಿರುತ್ತಾರೆ. ಆದರೆ ಈ ಹಗುರತನದಲ್ಲಿಯೇ ಒಂದು ಅಪಾಯವೂ ಅಡಗಿದೆ. ಹಿಂದೆ ದಾದಿಯರು ದಿನಗಟ್ಟಲೆ ಮಾಡುತ್ತಿದ್ದ ಶುಶ್ರೂಷೆಯೆಲ್ಲ ಈಗ ಮನೆಯವರ ಪಾಲಿಗೆ ಬಂದಿದೆ. ವೈದ್ಯರ ಕೆಲಸ ಕಾಲು ತಾಸಿನದು. ಮನೆಯವರ ಕೆಲಸ ನಲವತ್ತು ದಿನಗಳದು. ಇದನ್ನು ನಾವು ಪುಸ್ತಕ ಓದಿ ಕಲಿಯಲಿಲ್ಲ, ನಮ್ಮ ಅವ್ವನ ಕಣ್ಣಿನಿಂದ ಕಲಿತೆವು. ಕಲಿತದ್ದನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮರಳಿನ ಚೀಲದಿಂದ ಮಡಿಸುವ ಮಸೂರದವರೆಗೆ

ಪೊರೆಯ ಚಿಕಿತ್ಸೆ ನಮ್ಮ ದೇಶಕ್ಕೆ ಹೊಸದಲ್ಲ. ಮಬ್ಬಾದ ಮಸೂರವನ್ನು ಸೂಜಿಯಂತಹ ಸಲಾಕೆಯಿಂದ ದೃಷ್ಟಿಯ ದಾರಿಯಿಂದ ಆಚೆಗೆ ತಳ್ಳುವ ವಿಧಾನವನ್ನು ಸುಶ್ರುತ ಸಂಹಿತೆಯಲ್ಲಿ ವರ್ಣಿಸಲಾಗಿದೆ. ಮಸೂರವನ್ನು ಹೊರಕ್ಕೇ ತೆಗೆಯುವ ಪದ್ಧತಿಯನ್ನು ರೂಢಿಗೆ ತಂದವರು ಫ್ರಾನ್ಸಿನ ಝಾಕ್ ದವಿಯೆಲ್. ಅದು ೧೭೪೭ರ ಮಾತು. ಅಂದಿನಿಂದ ಎರಡು ಶತಮಾನಗಳ ಕಾಲ ಪೊರೆ ತೆಗೆಯುವುದಿತ್ತೇ ಹೊರತು, ತೆಗೆದ ಮಸೂರದ ಜಾಗದಲ್ಲಿ ಬೇರೊಂದನ್ನು ಇಡುವುದು ಇರಲಿಲ್ಲ.

ನಮ್ಮ ಭಾಗದ ಹಿರಿಯರಿಗೆ ಆ ಕಾಲ ಚೆನ್ನಾಗಿ ನೆನಪಿದೆ. ಶಾಲೆಯ ಕೋಣೆಯಲ್ಲೋ ಛತ್ರದಲ್ಲೋ ನೇತ್ರಶಿಬಿರ ಏರ್ಪಡುತ್ತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು ಸಾಲಾಗಿ ಮಲಗಿರುತ್ತಿದ್ದರು. ತಲೆ ಅಲುಗಬಾರದು, ಕೆಮ್ಮಬಾರದು, ಮಗ್ಗುಲು ಹೊರಳಬಾರದು. ದೊಡ್ಡ ಆಸ್ಪತ್ರೆಗಳಲ್ಲಿ ತಲೆಯ ಎರಡೂ ಬದಿಗೆ ಮರಳಿನ ಚೀಲ ಇಡುತ್ತಿದ್ದುದೂ ಉಂಟು. ಗಾಯ ಮಾಯ್ದ ಮೇಲೆ ಸೋಡಾ ಬಾಟಲಿಯ ತಳದಂತಹ ದಪ್ಪ ಕನ್ನಡಕ ಬರುತ್ತಿತ್ತು. ಅದರಲ್ಲಿ ಎದುರಿನದು ದೊಡ್ಡದಾಗಿ ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಲೇ ಇರಲಿಲ್ಲ. ಕನ್ನಡಕ ಒಡೆದ ದಿನ ಮನುಷ್ಯ ಮತ್ತೆ ಕುರುಡ.

ಆ ದಿನಗಳಲ್ಲಿ ಕನ್ನಡ ನಾಡಿನ ಹಳ್ಳಿಹಳ್ಳಿಗೆ ಬೆಳಕು ಒಯ್ದ ಡಾ. ಎಂ. ಸಿ. ಮೋದಿಯವರನ್ನು ಇಲ್ಲಿ ಸ್ಮರಿಸದಿರಲಾಗದು. ಬೀಳಗಿಯಲ್ಲಿ ೧೯೧೬ರಲ್ಲಿ ಜನಿಸಿದ ಅವರು ದಾವಣಗೆರೆಯನ್ನು ನೆಲೆಯಾಗಿ ಮಾಡಿಕೊಂಡು, ರೋಗಿಗಳು ಬರಲೆಂದು ಕಾಯದೆ ತಾವೇ ರೋಗಿಗಳ ಊರಿಗೆ ಹೋದರು. ಒಂದೇ ದಿನದಲ್ಲಿ ನೂರಾರು ಕಣ್ಣುಗಳ ಪೊರೆ ತೆಗೆದ ಕೀರ್ತಿ ಅವರದು. ೧೯೬೮ರಲ್ಲಿ ಪದ್ಮಭೂಷಣರಾದ ಆ ಮಹನೀಯರು ೨೦೦೫ರಲ್ಲಿ ತೀರಿಕೊಂಡರು. ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು ೧೯೭೬ರಲ್ಲಿ. ಅದಕ್ಕೂ ಬಹಳ ಹಿಂದಿನಿಂದಲೇ ಮೋದಿಯವರ ಶಿಬಿರಗಳು ನಡೆಯುತ್ತಿದ್ದವು.

ಇನ್ನು ಕಣ್ಣಿನೊಳಗೆ ಕೃತಕ ಮಸೂರ ಇಡುವ ಯೋಚನೆ ಹುಟ್ಟಿದ ಬಗೆ ಸ್ವಾರಸ್ಯಕರವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಬ್ರಿಟಿಷ್ ವಿಮಾನ ಚಾಲಕರ ಕಣ್ಣಿನಲ್ಲಿ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಸಿಕ್ಕಿಕೊಂಡಿದ್ದರೂ ಕಣ್ಣು ಕೆರಳಲಿಲ್ಲವೆಂಬುದನ್ನು ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಮಾಡಿಸಿದ ಮಸೂರವನ್ನು ಅವರು ೧೯೪೯ರ ನವೆಂಬರಿನಲ್ಲಿ ಮೊದಲ ಬಾರಿಗೆ ಮಾನವನ ಕಣ್ಣಿನಲ್ಲಿ ಇಟ್ಟರು. ೧೯೬೭ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ಹಲ್ಲು ಶುದ್ಧಿ ಮಾಡುವ ಯಂತ್ರದಿಂದ ಪ್ರೇರಣೆ ಪಡೆದು, ಕಿವಿಗೆ ಕೇಳದ ಶಬ್ದತರಂಗಗಳಿಂದ ಪೊರೆಯನ್ನು ಪುಡಿ ಮಾಡಿ ಹೀರಿ ತೆಗೆಯುವ ವಿಧಾನವನ್ನು ಕಂಡುಹಿಡಿದರು. ಇದರಿಂದ ಗಾಯವು ಎರಡು ಮೂರು ಮಿಲಿಮೀಟರಿಗೆ ಇಳಿಯಿತು. ಮುಂದೆ ಬಂದ ಮಡಿಸುವ ಮಸೂರವು ಆ ಸಣ್ಣ ಕಿಂಡಿಯಿಂದಲೇ ಒಳಹೊಕ್ಕು ಅರಳಿಕೊಳ್ಳುವಂತಾಯಿತು. ೧೯೯೨ರಲ್ಲಿ ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು ಆರೋಲ್ಯಾಬ್ ಎಂಬ ತಮ್ಮದೇ ಕಾರ್ಖಾನೆಯಲ್ಲಿ ಮಸೂರ ತಯಾರಿಸತೊಡಗಿದ ಮೇಲೆ ಅದರ ಬೆಲೆ ಬಡವರ ಕೈಗೆ ಎಟುಕಿತು. ಗಾಯ ಚಿಕ್ಕದಾಯಿತು, ಹೊಲಿಗೆ ತಪ್ಪಿತು. ಆದುದರಿಂದಲೇ ರೋಗಿ ಸಂಜೆಗೆ ಮನೆಗೆ ಮರಳುವುದು ಸಾಧ್ಯವಾಯಿತು.

ನಮ್ಮ ಮೂರು ತಾಲೂಕು

ಉದಗೀರ ಮತ್ತು ನಿಲಂಗಾ ೧೯೫೬ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಸೇರಿದವು. ೧೯೮೨ರಿಂದ ಅವು ಲಾತೂರು ಜಿಲ್ಲೆಯಲ್ಲಿವೆ. ಉಮರಗಾ ಹಿಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ ಜಿಲ್ಲೆಯದು. ಗಡಿಗೆರೆ ನಡುವೆ ಬಂದರೂ ಬೀಗತನ ನಿಲ್ಲಲಿಲ್ಲ. ಕಾಯಿಲೆಯ ದಾರಿಯೂ ಬದಲಾಗಲಿಲ್ಲ. ಭಾಲ್ಕಿ, ಕಮಲನಗರಗಳ ಕಡೆಯವರು ರೈಲು ಹತ್ತಿ ಉದಗೀರಕ್ಕೆ ಬರುತ್ತಾರೆ. ಅಲ್ಲಿಯ ಲಯನ್ಸ್ ಕಣ್ಣಿನ ಆಸ್ಪತ್ರೆಯ ಹೆಸರು ಗಡಿಯ ಎರಡೂ ಬದಿಯ ಹಳ್ಳಿಗಳಲ್ಲಿ ಪರಿಚಿತವಾಗಿದೆ. ಉಮರಗಾದವರು ಹೆದ್ದಾರಿ ಹಿಡಿದು ಸೊಲ್ಲಾಪುರಕ್ಕೂ, ಇಲ್ಲವೆ ಕಲಬುರಗಿಗೂ ಹೋಗುವುದುಂಟು. ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಲಕ್ಷಕ್ಕೂ ಮಿಕ್ಕಿ ಕಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ೨೦೦೮ರಲ್ಲಿ ಪದ್ಮಶ್ರೀ ಪಡೆದ ಡಾ. ತಾತ್ಯಾರಾವ್ ಲಹಾನೆಯವರು ಇದೇ ಲಾತೂರು ಜಿಲ್ಲೆಯ ರೈತಾಪಿ ಮನೆತನದವರು. ತಾಯಿ ಕೊಟ್ಟ ಮೂತ್ರಪಿಂಡದಿಂದ ಮರುಜೀವ ಪಡೆದು ಆ ಸೇವೆ ಸಲ್ಲಿಸಿದವರು ಎಂಬುದನ್ನು ಬಲ್ಲವರು ಬಲ್ಲರು.

ಹೀಗೆ ವೈದ್ಯರಿಗೆ ಕೊರತೆಯಿಲ್ಲ, ಆಸ್ಪತ್ರೆಗೂ ಕೊರತೆಯಿಲ್ಲ. ನಮ್ಮಲ್ಲಿ ಕೊರತೆಯಿರುವುದು ಬೇರೊಂದು ಕಡೆ.

ಮೊದಲ ಕಣ್ಣಿನ ಪಾಠ

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇವೆ. ಅವ್ವನಿಗೆ ಓದು ಬಾರದು. ಆಡುವುದು ಕನ್ನಡ, ಸಂತೆಗೆ ಬೇಕಾಗುವಷ್ಟು ಮರಾಠಿ. ಭಾಲ್ಕಿ ಕಡೆಯಿಂದ ಬಂದ ಸೊಸೆ ಕನ್ನಡ ಓದಬಲ್ಲಳು, ಮರಾಠಿ ಅಕ್ಷರ ಅವಳಿಗೆ ತಡವರಿಕೆ. ಮಕ್ಕಳು ಇಲ್ಲಿಯ ಮರಾಠಿ ಶಾಲೆಯಲ್ಲಿ ಕಲಿತವರು. ಅವರಿಗೆ ಮಾತಿಗೆ ಕನ್ನಡ, ಅಕ್ಷರಕ್ಕೆ ಮರಾಠಿ. ಗಡಿಯ ಎಷ್ಟೋ ಮನೆಗಳ ಸ್ಥಿತಿ ಇದೇ ಅಲ್ಲವೆ?

ಅವ್ವನ ಬಲಗಣ್ಣಿನ ಪೊರೆ ತೆಗೆದದ್ದು ಎಳ್ಳ ಅಮಾವಾಸ್ಯೆಗೆ ಹನ್ನೆರಡು ದಿನ ಮೊದಲು. ಎಲ್ಲವೂ ಸುಸೂತ್ರವಾಗಿ ನಡೆದು ಸಂಜೆಗೆ ಮನೆಗೆ ಬಂದೆವು. ಎರಡು ಹನಿ ಔಷಧದ ಬಾಟಲಿಗಳನ್ನೂ, ಮರಾಠಿ ಮತ್ತು ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆಯನ್ನೂ ಕೊಟ್ಟಿದ್ದರು. ಮೊದಲ ಐದು ದಿನ ಮೊಮ್ಮಗ ಓದಿ ಹೇಳಿ ಹನಿ ಹಾಕಿದ. ಆರನೆಯ ದಿನ ಅವನು ಹಾಸ್ಟೆಲಿಗೆ ಹೊರಟುಹೋದ. ಹಾಳೆ ಕಪಾಟಿನಲ್ಲಿ ಉಳಿಯಿತು. ಸೊಸೆ ಕೇಳಿದರೆ ಅವ್ವ, “ನೋವಿಲ್ಲ ಗೀವಿಲ್ಲ, ಚಂದ ಕಾಣ್ತದ, ಮತ್ಯಾಕವ್ವ ಹನಿ?” ಎಂದು ಬಾಯಿ ಮುಚ್ಚಿಸಿದಳು. ಗಂಡಸರು ತೊಗರಿಯ ರಾಶಿಯಲ್ಲಿದ್ದರು, ಯಾರೂ ವಿಚಾರಿಸಲಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಅವ್ವ ಭಜ್ಜಿ, ಕಡಬು, ಅಂಬಲಿಯ ಬುಟ್ಟಿಯನ್ನು ತಾನೇ ತಲೆಯ ಮೇಲೆ ಹೊತ್ತು ಹೊಲಕ್ಕೆ ನಡೆದಳು. ಗಾಳಿಯಿತ್ತು, ಧೂಳಿತ್ತು.

ಮರುದಿನ ರಾತ್ರಿ ಕಣ್ಣು ಕೆಂಪಾಯಿತು. ನಸುಕಿಗೆ ನೋವು ಶುರುವಾಯಿತು; ಹೊಸದಾಗಿ ಕಂಡ ಬೆಳಕು ಮತ್ತೆ ಮಂಜಾಯಿತು. ಸಿಕ್ಕ ಜೀಪು ಹತ್ತಿ ಆಸ್ಪತ್ರೆಗೆ ಒಯ್ದೆವು. ವೈದ್ಯರು ಪರೀಕ್ಷಿಸಿ, ಹನಿಯನ್ನು ನಡುವೆ ನಿಲ್ಲಿಸಿದ್ದರಿಂದ ಕಣ್ಣಿನೊಳಗೆ ಉರಿಯೂತವಾಗಿದೆ, ಪುಣ್ಯಕ್ಕೆ ಕೀವು ಆಗಿಲ್ಲ ಎಂದರು. ಮತ್ತೆ ಔಷಧ, ಮತ್ತೆ ಓಡಾಟ. ಕಣ್ಣು ಉಳಿಯಿತು, ಆದರೆ ಮೂರು ವಾರ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಆಸ್ಪತ್ರೆಯವರದು ಏನೂ ತಪ್ಪಿರಲಿಲ್ಲ. ತಪ್ಪು ನಮ್ಮದು: ಹಾಳೆಯನ್ನು ಪಡೆದೆವು, ಅದರ ಮಾತನ್ನು ಪಡೆಯಲಿಲ್ಲ.

ಯಾವಾಗ ಮಾಡಿಸಬೇಕು?

“ಪೊರೆ ಹಣ್ಣಾಗಲಿ, ಆಮೇಲೆ ನೋಡೋಣ” ಎಂಬ ಮಾತು ನಮ್ಮಲ್ಲಿ ಇನ್ನೂ ಬಳಕೆಯಲ್ಲಿದೆ. ಹಳೆಯ ಪದ್ಧತಿಯಲ್ಲಿ ಅದಕ್ಕೆ ಅರ್ಥವಿತ್ತು. ಇಂದಿನ ಪದ್ಧತಿಯಲ್ಲಿ ಇಲ್ಲ. ದಿನದ ಕೆಲಸಕ್ಕೆ ಅಡ್ಡಿಯಾಗುವಷ್ಟು ದೃಷ್ಟಿ ಕುಂದಿದರೆ ಅದೇ ತಕ್ಕ ಕಾಲ. ಅತಿಯಾಗಿ ಹಣ್ಣಾದ ಪೊರೆ ಗಟ್ಟಿಯಾಗಿ, ಶಸ್ತ್ರಚಿಕಿತ್ಸೆಯನ್ನು ಕಠಿಣಗೊಳಿಸುತ್ತದೆ. ಕೆಲವೊಮ್ಮೆ ಅದು ಸೋರಿ ಕಣ್ಣಿನ ಒತ್ತಡವನ್ನು ಏರಿಸಿ, ತಡೆಯಲಾರದ ನೋವಿನೊಡನೆ ದೃಷ್ಟಿಯನ್ನೇ ಕಸಿಯಬಹುದು. ಗಂಡಸರ ಕಣ್ಣಿಗೆ ಸಿಗುವ ಅವಸರ ಹೆಂಗಸರ ಕಣ್ಣಿಗೆ ಸಿಗುವುದಿಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು. ಒಲೆಯ ಮುಂದೆ ಕೈ ಸುಟ್ಟುಕೊಳ್ಳುತ್ತಲೇ ನಮ್ಮ ತಾಯಂದಿರು “ನನಗೇನು ಓದೋದದ?” ಎಂದು ವರ್ಷಗಳನ್ನು ನೂಕುತ್ತಾರೆ.

ಋತುವಿನ ವಿಷಯ: ಬೇಸಿಗೆಯಲ್ಲಿ ಮಾಡಿಸಬಾರದು, ಚಳಿಗಾಲವೇ ಆಗಬೇಕು ಎಂಬ ನಿಯಮವೇನೂ ಇಲ್ಲ. ಆದರೆ ಮನೆಯಲ್ಲಿ ಒಬ್ಬರು ನಲವತ್ತು ದಿನ ಗಮನ ಕೊಡಬಲ್ಲ ಕಾಲವನ್ನು ಆರಿಸಿಕೊಳ್ಳುವುದು ಜಾಣತನ. ರಾಶಿ, ಮದುವೆ, ಜಾತ್ರೆಗಳ ಹಿಂದುಮುಂದೆ ಬೇಡ.

ಹೊರಡುವ ಮುನ್ನ

ಶಸ್ತ್ರಚಿಕಿತ್ಸೆಗೆ ಮೊದಲು ರಕ್ತದೊತ್ತಡ, ಸಕ್ಕರೆ, ಕಣ್ಣಿನ ಒತ್ತಡ ಇವನ್ನು ನೋಡುತ್ತಾರೆ. ಕಣ್ಣೀರಿನ ನಾಳ ಶುದ್ಧವಾಗಿದೆಯೇ ಎಂದು ಪರೀಕ್ಷಿಸುವುದುಂಟು. ಅಲ್ಲಿ ಕೀವಿದ್ದರೆ ಮೊದಲು ಅದನ್ನು ಗುಣಪಡಿಸಬೇಕು. ಕಣ್ಣಿನ ಉದ್ದವನ್ನು ಅಳೆದು, ಯಾವ ಶಕ್ತಿಯ ಮಸೂರ ಇಡಬೇಕೆಂದು ಲೆಕ್ಕ ಹಾಕುತ್ತಾರೆ. ಆದುದರಿಂದ ಒಂದು ದಿನ ಮೊದಲೇ ಹೋಗಬೇಕಾಗಿ ಬಂದರೆ ಬೇಸರ ಪಡಬಾರದು.

ಸೇವಿಸುತ್ತಿರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಒಯ್ದು ತೋರಿಸಿರಿ. ರಕ್ತ ತೆಳುವಾಗಿಸುವ ಗುಳಿಗೆಯನ್ನು ತಾವೇ ನಿಲ್ಲಿಸಬಾರದು, ಮುಚ್ಚಿಡಲೂ ಬಾರದು. ಮೂತ್ರದ ತೊಂದರೆಗಾಗಿ ಗಂಡಸರು ತೆಗೆದುಕೊಳ್ಳುವ ಟ್ಯಾಮ್ಸುಲೋಸಿನ್ ಎಂಬ ಗುಳಿಗೆಯಿಂದ ಕಣ್ಣಿನ ಪಾಪೆ ಸಡಿಲಾಗಿ ವೈದ್ಯರಿಗೆ ತೊಡಕಾಗುತ್ತದೆ. ಮುಂಚೆಯೇ ತಿಳಿದಿದ್ದರೆ ಅವರು ಎಚ್ಚರ ವಹಿಸಬಲ್ಲರು. ಕೆಮ್ಮು, ದಮ್ಮು, ಬೆನ್ನು ಬಾಗಿದ್ದರಿಂದ ಅಂಗಾತ ಮಲಗಲಾರದಿರುವುದು, ಕಿವಿ ಮಂದವಾಗಿರುವುದು ಇವನ್ನೆಲ್ಲ ಹೇಳಬೇಕು. ಮನೆಯಲ್ಲಿಯೇ ಎರಡು ದಿನ ಮುಖದ ಮೇಲೆ ತೆಳು ಬಟ್ಟೆ ಹಾಕಿಕೊಂಡು ಕಾಲು ತಾಸು ಅಲುಗದೆ ಮಲಗುವ ಅಭ್ಯಾಸ ಮಾಡಿಸಿದರೆ ಹಿರಿಯರ ಅರ್ಧ ಅಂಜಿಕೆ ಕಳೆಯುತ್ತದೆ.

ಹಿಂದಿನ ದಿನ ತಲೆಸ್ನಾನ ಮಾಡಿಸಿರಿ. ಮುಂದೆ ಕೆಲ ಕಾಲ ಅದಕ್ಕೆ ಅವಕಾಶವಿಲ್ಲ. ಉಗುರು ಕತ್ತರಿಸಿರಿ. ಆ ದಿನ ಕಾಡಿಗೆ, ಕುಂಕುಮ, ವಿಭೂತಿ, ತಲೆಗೆ ಎಣ್ಣೆ ಬೇಡ. ಉಪವಾಸ ಇರಬೇಕೋ ಲಘು ಉಪಾಹಾರ ಮಾಡಬಹುದೋ ಎಂಬುದನ್ನು ಆಸ್ಪತ್ರೆಯವರನ್ನೇ ಕೇಳಬೇಕು. ಸಕ್ಕರೆ ಕಾಯಿಲೆಯವರಂತೂ ಅಂದಿನ ಗುಳಿಗೆ, ಇಂಜೆಕ್ಷನ್ ತೆಗೆದುಕೊಳ್ಳಬೇಕೇ ಬೇಡವೇ ಎಂಬುದನ್ನು ಕೇಳದೆ ಹೊರಡಬಾರದು. ಜೊತೆಗೆ ಹೋಗುವವರು ಮನೆಯಲ್ಲಿ ಹನಿ ಹಾಕುವವರೇ ಆಗಿದ್ದರೆ ಉತ್ತಮ. ನಾವು ಮೊದಲ ಸಲ ಮಾಡಿದ ತಪ್ಪುಗಳಲ್ಲಿ ಇದೂ ಒಂದು: ಒಯ್ದವರು ಒಬ್ಬರು, ನೋಡಿಕೊಂಡವರು ಇನ್ನೊಬ್ಬರು.

ಬಲ ಯಾವುದು, ಎಡ ಯಾವುದು?

ಗಡಿಯ ಜನ ಮೂರು ಭಾಷೆಯ ನಡುವೆ ಬದುಕುವವರು. ಮರಾಠಿಯಲ್ಲಿ ‘ಡಾವಾ’ ಎಂದರೆ ಎಡ. ಹಿಂದಿಯಲ್ಲಿ ‘ದಾಯಾಂ’ ಎಂದರೆ ಬಲ. ಮಂದ ಕಿವಿಯ ಹಿರಿಯರಿಗೆ ಎರಡೂ ಒಂದೇ ಎಂದು ಕೇಳಿಸಿದರೆ ಆಶ್ಚರ್ಯವಿಲ್ಲ. ಇನ್ನು ಮರಾಠಿಯ ‘ಪರವಾ’ ಎಂಬ ಶಬ್ದಕ್ಕೆ ನಾಡಿದ್ದು ಎಂದೂ ಅರ್ಥ, ಮೊನ್ನೆ ಎಂದೂ ಅರ್ಥ. ನಮ್ಮ ಕಿವಿಗೆ ಅದು ‘ಪರವಾ ಇಲ್ಲ’ ಎಂಬಂತೆ ಕೇಳುತ್ತದೆ. ನಾಡಿದ್ದು ಬಾ ಎಂದರೆ, ಬರದಿದ್ದರೂ ಪರವಾ ಇಲ್ಲ ಎಂದು ತಿಳಿದವರುಂಟು.

ಆದುದರಿಂದ ಯಾವ ಕಣ್ಣು ಎಂದು ಕೇಳಿದಾಗ ರೋಗಿಯು ಮಾತಿನಿಂದಲ್ಲದೆ ಬೆರಳಿನಿಂದ ಮುಟ್ಟಿ ತೋರಿಸಬೇಕು. ಆ ಕಣ್ಣಿನ ಮೇಲ್ಭಾಗದಲ್ಲಿ ಗುರುತು ಮಾಡಿದ್ದಾರೆಯೇ ಎಂದು ಮನೆಯವರು ನೋಡಿಕೊಳ್ಳಬೇಕು. ಮರಳಿ ಬರುವ ದಿನವನ್ನು ತಾರೀಖು ವಾರ ಸಹಿತ ಬರೆಸಿಕೊಳ್ಳಬೇಕು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದರಲ್ಲಿ ಏನಿದೆಯೆಂದು ಕನ್ನಡದಲ್ಲಿ ತಿಳಿಸಿ ಹೇಳುವುದು ಜೊತೆಗಿರುವವರ ಧರ್ಮ. ಕೇಳಲು ಸಂಕೋಚವೇಕೆ? ಉದಗೀರದಂತಹ ಊರಿನಲ್ಲಿ ಕನ್ನಡ ಬಲ್ಲ ಒಬ್ಬ ದಾದಿಯಾಗಲಿ ಸಿಪಾಯಿಯಾಗಲಿ ಸಿಗುವುದು ಕಷ್ಟವಲ್ಲ.

ಆ ಕಾಲು ತಾಸು

ಮೊದಲು ಪಾಪೆ ಅಗಲವಾಗಲು ಹಲವು ಬಾರಿ ಹನಿ ಹಾಕುತ್ತಾರೆ. ಬಳಿಕ ಹನಿಯಿಂದಲೇ ಅಥವಾ ಕಣ್ಣಿನ ಪಕ್ಕದಲ್ಲಿ ಕೊಡುವ ಇಂಜೆಕ್ಷನ್ನಿನಿಂದ ಕಣ್ಣನ್ನು ಜೋಮುಗಟ್ಟಿಸುತ್ತಾರೆ. ರೋಗಿಗೆ ಎಚ್ಚರವಿರುತ್ತದೆ, ಮಾತು ಕೇಳುತ್ತದೆ, ಪ್ರಖರ ಬೆಳಕು ಕಾಣುತ್ತದೆ, ನೀರು ಹರಿದಂತೆ ಅನಿಸುತ್ತದೆ. ನೋವಾದರೆ ಬಾಯಿಂದ ಹೇಳಬೇಕೇ ಹೊರತು ತಲೆ ಅಲುಗಿಸಬಾರದು, ಕೈ ಎತ್ತಬಾರದು. ಯಂತ್ರದಿಂದ ಮಾಡಿದರೂ, ಆರೇಳು ಮಿಲಿಮೀಟರಿನ ಗಾಯದಿಂದ ಕೈಯಲ್ಲಿಯೇ ಮಾಡಿದರೂ, ಗಾಯವು ಸಾಮಾನ್ಯವಾಗಿ ಹೊಲಿಗೆಯಿಲ್ಲದೆ ತಾನೇ ಮುಚ್ಚಿಕೊಳ್ಳುತ್ತದೆ. ಎರಡೂ ಪದ್ಧತಿಗಳಿಂದ ಒಳ್ಳೆಯ ದೃಷ್ಟಿ ಬರುತ್ತದೆ; ಹಣ ಹೆಚ್ಚು ಕೊಟ್ಟವರಿಗೆ ಮಾತ್ರ ಕಣ್ಣು ಕಾಣುತ್ತದೆಂಬ ಭಾವನೆ ಸರಿಯಲ್ಲ.

ಬಸ್ಸಿನಲ್ಲಿ ಮರಳುವಾಗ ಕಿಟಕಿಯ ಬದಿ ಬೇಡ, ಹಿಂದಿನ ಆಸನವೂ ಬೇಡ. ಕಣ್ಣಿನ ಮುಚ್ಚಳ ತೆಗೆಯಕೂಡದು. ಅಂದು ರಾತ್ರಿ ತುಸು ಕಿರಿಕಿರಿ, ಮರಳು ಬಿದ್ದಂತಹ ಭಾವನೆ, ನೀರು ಬರುವುದು ಸಹಜ. ಮರುದಿನದ ತಪಾಸಣೆಯನ್ನು ಯಾವ ಕಾರಣಕ್ಕೂ ತಪ್ಪಿಸಬಾರದು.

ನೂರನಲವತ್ತೇಳು ಹನಿ

ಎರಡನೆಯ ಕಣ್ಣಿನ ಹೊತ್ತಿಗೆ ನಾವು ಎಚ್ಚತ್ತಿದ್ದೆವು. ಮರುವರ್ಷ ದೀಪಾವಳಿಯ ನಂತರದ ಎರಡನೆಯ ವಾರದಲ್ಲಿ ಎಡಗಣ್ಣಿನದು ಆಯಿತು. ಈ ಸಲ ಜೊತೆಗೆ ಹೋದವಳು ಸೊಸೆಯೇ. ಹನಿಯ ಕ್ರಮ ಹೀಗಿತ್ತು: ಮುಖ್ಯ ಔಷಧ ಮೊದಲ ವಾರ ದಿನಕ್ಕೆ ಆರು ಸಲ, ಎರಡನೆಯ ವಾರ ಐದು, ಹೀಗೆ ಇಳಿಯುತ್ತ ಆರನೆಯ ವಾರ ಒಂದೇ ಸಲ. ಲೆಕ್ಕ ಹಾಕಿದರೆ ನಲವತ್ತೆರಡು ದಿನಗಳಲ್ಲಿ ೧೪೭ ಹನಿ. ಬೇರೆ ವೈದ್ಯರ ಕ್ರಮ ಬೇರೆ ಇರಬಹುದು. ತಮ್ಮ ವೈದ್ಯರು ಹೇಳಿದ್ದನ್ನೇ ಪಾಲಿಸಬೇಕು. ಈ ಔಷಧವನ್ನು ಒಮ್ಮೆಲೆ ನಿಲ್ಲಿಸಿದರೆ ಉರಿಯೂತ ಮರುಕಳಿಸಬಹುದು. ಹೇಳಿದ್ದಕ್ಕಿಂತ ಹೆಚ್ಚು ಕಾಲ ಹಾಕಿದರೆ ಕಣ್ಣಿನ ಒತ್ತಡ ಏರಬಹುದು. ಉಳಿದ ಬಾಟಲಿಯನ್ನು ಮತ್ತೊಬ್ಬರ ಕೆಂಗಣ್ಣಿಗೆ ಹಾಕುವುದಂತೂ ಸರ್ವಥಾ ಸಲ್ಲದು.

ನಾವು ಒಂದು ಬಾಟಲಿಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿದೆವು. ದೇವರ ಕೋಣೆಯ ಪಕ್ಕದ ಗೋಡೆಯ ಮೇಲೆ ಸೊಸೆ ಸುಣ್ಣದ ಕಡ್ಡಿಯಿಂದ ಆರು ಸಾಲು ಬರೆದಳು. ಸೂರ್ಯ ಹುಟ್ಟುವ ಚಿತ್ರ, ನೆತ್ತಿಯ ಸೂರ್ಯ, ಮುಳುಗುವ ಸೂರ್ಯ, ದೀಪ. ಹನಿ ಹಾಕಿದೊಡನೆ ಅವ್ವ ತಾನೇ ಒಂದು ಗೀಟು ಎಳೆಯುತ್ತಿದ್ದಳು. ಯಾವ ಭಾಷೆಯ ಅಕ್ಷರವೂ ಬೇಕಾಗಲಿಲ್ಲ. ಮೊದಲ ಸಲ ಹನಿಯೇ ಬೇಡವೆಂದ ಅವ್ವ ಈ ಸಲ ತಾನೇ ಕೂಗಿ ಕರೆಯುತ್ತಿದ್ದಳು: “ಏ ತಂಗಿ, ನೆತ್ತಿ ಮ್ಯಾಲಿನ ಸೂರ್ಯಾಂದು ಉಳದದ.”

ಹಾಕುವ ರೀತಿ: ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ರೋಗಿಯನ್ನು ಅಂಗಾತ ಮಲಗಿಸಿ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಆ ಹಳ್ಳದಲ್ಲಿ ಒಂದೇ ಹನಿ ಬಿಡಬೇಕು. ಬಾಟಲಿಯ ಮೂತಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗಬಾರದು. ಒಂದು ಔಷಧಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಬೇಕು. ಕಣ್ಣನ್ನು ಒತ್ತಬಾರದು, ಉಜ್ಜಬಾರದು, ಸೆರಗಿನಿಂದ ಒರೆಸಲೇಬಾರದು.

ಮನೆಯೊಳಗಿನ ಶುಶ್ರೂಷೆ

ವೈದ್ಯರು ಹೇಳಿದಷ್ಟು ದಿನ ರಾತ್ರಿ ಮಲಗುವಾಗ ಕಣ್ಣಿನ ಮೇಲೆ ಮುಚ್ಚಳವಿರಲಿ. ನಿದ್ದೆಯ ಕೈಗೆ ಬುದ್ಧಿಯಿಲ್ಲ. ಶಸ್ತ್ರಚಿಕಿತ್ಸೆಯಾದ ಕಣ್ಣಿನ ಮಗ್ಗುಲಿಗೆ ಮಲಗದಿರುವುದು ಒಳ್ಳೆಯದು. ಕುತ್ತಿಗೆಯ ಕೆಳಗೆ ಸ್ನಾನ ಮಾಡಬಹುದು. ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ವೈದ್ಯರು ಅಪ್ಪಣೆ ಕೊಡುವವರೆಗೆ ತಲೆಸ್ನಾನವಿಲ್ಲ. ನೀರಿನ ಕೊಡ, ಹಿಟ್ಟಿನ ಚೀಲ, ಮೊಮ್ಮಕ್ಕಳು ಇವನ್ನು ಎತ್ತುವಂತಿಲ್ಲ. ಒಲೆಯ ಹೊಗೆ, ಕಸ ಗುಡಿಸುವ ಧೂಳು, ದನದ ಕೊಟ್ಟಿಗೆ ಕೆಲ ವಾರ ದೂರವಿರಲಿ. ಮಲಬದ್ಧತೆಯಾಗದಂತೆ ನೋಡಿಕೊಳ್ಳಬೇಕು, ತಿಣುಕುವುದು ಕಣ್ಣಿಗೂ ಶ್ರಮವೇ. ನಡೆದಾಡಲು, ಮಾತನಾಡಲು, ಟಿ.ವಿ. ನೋಡಲು ಅಡ್ಡಿಯಿಲ್ಲ.

ಪಥ್ಯದ ಹೆಸರಿನಲ್ಲಿ ಬರಿಯ ಗಂಜಿ ಕೊಟ್ಟು ಹಿರಿಯರನ್ನು ಸೊರಗಿಸುವುದು ನಮ್ಮಲ್ಲಿ ಹೆಚ್ಚು. ಬದನೆ ತಿಂದರೆ, ಬೇಳೆ ತಿಂದರೆ ಕೀವಾಗುತ್ತದೆಂಬುದಕ್ಕೆ ಆಧಾರವಿಲ್ಲ. ಜೋಳದ ರೊಟ್ಟಿ, ಪಲ್ಯ, ಬೇಳೆ, ಮೊಸರು ಎಲ್ಲವೂ ನಡೆಯುತ್ತವೆ. ಸಕ್ಕರೆ ಕಾಯಿಲೆಯವರು ಮಾತ್ರ ತಮ್ಮ ಕಟ್ಟುನಿಟ್ಟನ್ನು ಬಿಡಬಾರದು. ಎದೆಹಾಲು, ಜೇನು, ಉಳ್ಳಾಗಡ್ಡಿಯ ರಸ, ಹರಳೆಣ್ಣೆ ಇವುಗಳಲ್ಲಿ ಯಾವುದೂ ಆ ಕಣ್ಣಿನ ಹತ್ತಿರ ಸುಳಿಯಕೂಡದು.

ಇಷ್ಟೆಲ್ಲ ಮಾಡಿದರೂ ಕೆಲವು ಲಕ್ಷಣಗಳನ್ನು ಮನೆಯವರೆಲ್ಲರೂ ಬಾಯಿಪಾಠ ಮಾಡಿರಬೇಕು. ನೋವು ಕಡಿಮೆಯಾಗುವ ಬದಲು ಹೆಚ್ಚುವುದು, ಕೆಂಪು ಏರುವುದು, ಕೀವು ಬರುವುದು, ಕಾಣುತ್ತಿದ್ದದ್ದು ಮತ್ತೆ ಮಂಜಾಗುವುದು, ವಾಂತಿ, ಕಣ್ಣಿನಲ್ಲಿ ಮಿಂಚು ಹೊಡೆದಂತಾಗುವುದು, ಒಂದು ಬದಿಯಿಂದ ಪರದೆ ಇಳಿದಂತೆ ಕಾಣುವುದು. ಇವುಗಳಲ್ಲಿ ಒಂದು ಕಂಡರೂ ಆಗಲೇ ಹೊರಡಬೇಕು; ನಾಳೆಯ ಸಂತೆ ಬಸ್ಸಿಗೆ ಹೋದರಾಯಿತು ಎನ್ನುವಂತಿಲ್ಲ. ಕಣ್ಣಿನೊಳಗೆ ಸೋಂಕು ಹೊಕ್ಕರೆ ದೃಷ್ಟಿಯನ್ನು ಉಳಿಸಲು ಇರುವುದು ದಿನಗಳಲ್ಲ, ತಾಸುಗಳು. ಅದು ಅಪರೂಪ ನಿಜ. ಆದರೆ ಬಂದ ಮನೆಗೆ ಅಪರೂಪವೆಂಬುದರಿಂದ ಯಾವ ಸಮಾಧಾನ?

ಒಂದೆರಡು ಕೊನೆಯ ಮಾತು. ಕಣ್ಣು ಸ್ಥಿರವಾಗಲು ನಾಲ್ಕರಿಂದ ಆರು ವಾರ ಬೇಕು. ಹೊಸ ಕನ್ನಡಕದ ನಂಬರನ್ನು ಆಮೇಲೆಯೇ ತೆಗೆಸಬೇಕು. ದೂರದ್ದು ಬರಿಗಣ್ಣಿಗೆ ಕಂಡರೂ ಅಕ್ಕಿ ಆರಿಸಲು, ಓದಲು ಸಾಮಾನ್ಯವಾಗಿ ಕನ್ನಡಕ ಬೇಕಾಗುತ್ತದೆ. ಅದರಿಂದ ಶಸ್ತ್ರಚಿಕಿತ್ಸೆ ಕೆಟ್ಟಿತೆಂದು ತಿಳಿಯಬಾರದು. ತಿಂಗಳುಗಳ ಅಥವಾ ವರ್ಷಗಳ ನಂತರ ಕೆಲವರಿಗೆ ಮತ್ತೆ ಮಬ್ಬು ಕವಿಯುವುದುಂಟು. ಅದು ಹೊಸ ಪೊರೆಯಲ್ಲ. ಮಸೂರದ ಹಿಂದಿನ ತೆಳುಚೀಲ ಮಾಸಿದ್ದು. ಲೇಸರ್ ಕಿರಣದಿಂದ ಅದನ್ನು ಕೆಲವೇ ನಿಮಿಷಗಳಲ್ಲಿ ಸರಿಪಡಿಸುತ್ತಾರೆ, ಮತ್ತೆ ಕೊಯ್ಯಬೇಕಾಗಿಲ್ಲ.

ನಮ್ಮ ಗೋಡೆಯ ಮೇಲಿನ ಕೊನೆಯ ಗೀಟು ಬಿದ್ದದ್ದು ಆ ವರ್ಷದ ಎಳ್ಳ ಅಮಾವಾಸ್ಯೆಗೆ ಕೆಲ ದಿನ ಮೊದಲು. ಹಬ್ಬದ ದಿನ ಅವ್ವ ಹೊಲಕ್ಕೆ ಬಂದಳು. ಬುಟ್ಟಿ ಮಾತ್ರ ಈ ಸಲ ಮೊಮ್ಮಗನ ತಲೆಯ ಮೇಲಿತ್ತು. ಜೋಳದ ಬೆಳೆಯ ನಡುವೆ ನಿಂತು ಅವಳು ಬದುವಿನ ಆಚೆಗೆ ಬರುತ್ತಿದ್ದವರನ್ನು ನೋಡಿ, ಅವರು ಬಾಯಿ ತೆರೆಯುವ ಮೊದಲೇ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದಳು. ಅಂದು ನಾವು ಉಂಡ ಭಜ್ಜಿಯ ರುಚಿಯನ್ನು ಹೇಳತೀರದು.

ಗೋಡೆಯ ಆ ಗೀಟುಗಳನ್ನು ಸೊಸೆ ಇನ್ನೂ ಅಳಿಸಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲಾದರೂ ಮೋತಿಬಿಂದುವಿನ ಮಾತು ಬಂದರೆ ಅವರನ್ನು ಕರೆತಂದು ತೋರಿಸುತ್ತಾಳೆ. ವಾಚಕರ ಮನೆಯಲ್ಲಿಯೂ ಅಂಥ ಒಂದು ಗೋಡೆ ಇದ್ದೇ ಇರುತ್ತದೆ. ಹಾಳೆ ಯಾವ ಭಾಷೆಯಲ್ಲಿಯೇ ಬರಲಿ, ಹಿರಿಯರಿಗೆ ತಿಳಿಯುವ ಮಾತಿನಲ್ಲಿ ಅದನ್ನು ಆ ಗೋಡೆಯ ಮೇಲೆ ಇಳಿಸುವುದು ನಮ್ಮ ನಿಮ್ಮ ಕೆಲಸ.